ಕೈಗುಣ

ಪಂಚಾಯ್ತಿ ಆಫೀಸಿನ ಮುಂದ ಶಾಮಿಯಾನ.
ಕೊರಳಿಗೆ ಚೆಂಡುಹೂವಿನ ಹಾರ, ಹೆಗಲಿಗೊಂದು ಶಾಲು.
ಮೈಕು ಕುಂಯ್ ಅಂದು ಸುಮ್ಮನಾದ ಮ್ಯಾಲ
ವೈಜಿನಾಥಪ್ಪ ಅಂದರು:
'ಈ ಊರಾಗ ಮೀಸಿ ಬಂದ ಅರ್ಧ ಗಂಡಸರು
ಮೊದಲು ಬಿದ್ದದ್ದು ಸಲೋಮಿ ಸಿಸ್ಟರ್ ಅಂಗೈಯಾಗ.
ಏನ್ ಕೈಗುಣ ರೀ!'

ಚಪ್ಪಾಳಿ.
ನಾನು ಕೈ ನೋಡಿಕೊಂಡೆ.

ಸ್ಪಿರಿಟ್ಟಿಗೆ ಬಿರಿದ ತೊಗಲು,
ವಾತಕ್ಕ ಸೊಟ್ಟಾದ ಎರಡು ಬೆರಳು,
ರೊಟ್ಟಿ ಹಂಚು ತಾಗಿ ಕಪ್ಪಾದ ಒಂದು ಉಗುರು.
ಉಪ್ಪಿನಕಾಯಿ ಭರಣಿ ಮುಚ್ಚಳ ತೆಗೀಲಿಕ್ಕ
ಈಗ ಮೊಮ್ಮಗನ್ನ ಕರೀತೀನಿ.
ಗುಣ ಈ ಕೈಯಾಗ ಇದ್ದದ್ದಾದರ
ಎಲ್ಲಿ ಹೋಯಿತು ಅದು?

ಸುಳ್ಳು ಯಾಕ ಹೇಳಲಿ,
ಮೊದಮೊದಲು ಆ ಮಾತು
ದವಡಿಯಾಗ ಸಿಕ್ಕ ಬೆಲ್ಲದ ಚೂರಿನಂಗ ಇತ್ತು,
ಹಗಲೆಲ್ಲ ನಾಲಗಿ ಅಲ್ಲೇ ತಿರುಗುತ್ತಿತ್ತು.
ನೂರು ಹೆರಿಗಿ, ಇನ್ನೂರು, ಇನ್ನೂರಾ ಹತ್ತು,
ಎಣಿಸುತ್ತಿದ್ದೆ.
ಬೀದರಿನ ಚರ್ಚಿನಾಗ ಸಾಕ್ಷಿ ಹೇಳಲಿಕ್ಕ ನಿಂತಾಗ
'ಕರ್ತನು ನನ್ನನ್ನು ಬಳಸಿದನು' ಅಂದೆ.
ಮೂರು ಮಾತಿನಾಗ
ನಡುವಿಂದೇ ಜೋರು ಕೇಳಿಸಿತು.

ಆಮ್ಯಾಲ ಕಾರಂಜಾ ದಂಡಿಯ ತಾಂಡಾದಾಗ
ಆ ರಾತ್ರಿ.
ಜೀಪು ಬರಲಿಲ್ಲ. ಕಂದೀಲಿನಾಗ ಎಣ್ಣಿ ಇರಲಿಲ್ಲ.
ಕೂಸಿನ ಕೊರಳಿಗೆ ಹೊಕ್ಕಳ ಬಳ್ಳಿ ಎರಡು ಸುತ್ತು,
ಮೈ ಎಲ್ಲ ಬದನಿಕಾಯಿ ಬಣ್ಣ.
ಉಜ್ಜಿದೆ, ಊದಿದೆ, ತಲಿಕೆಳಗ ಹಿಡಿದೆ,
ಕಲಿತದ್ದೆಲ್ಲ ಮಾಡಿದೆ, ಕಲೀದ್ದೂ ಮಾಡಿದೆ.
ಅಳಲಿಲ್ಲ.

ಗಮಲಿಬಾಯಿ ನನ್ನ ಹೆಗಲು ಹಿಡಿದು ಅಂದಳು:
'ದೇವರ ಮರ್ಜಿ, ಬಾಯಿ. ನೀ ಏನ್ ಮಾಡ್ತಿ.'
ಇದೇ ಮುದುಕಿ, ಇದೇ ಬಾಯಿ,
ಮೊದಲಿನ ಎರಡು ಕೂಸಿಗೂ
'ನಿನ್ನ ಕೈಗುಣ' ಅಂದಿದ್ದಳು.

ತೊಗರಿ ಹೊಲದ ಬದುವಿನ ಮ್ಯಾಲ
ಒಬ್ಬಳೇ ತಿರುಗಿ ಬರೂವಾಗ ಹೊಳೀತು:
ಉಳಿದದ್ದು ನನ್ನ ಖಾತಿಗೆ,
ಹೋದದ್ದು ಅವನ ಖಾತಿಗೆ.
ಹನ್ನೊಂದು ವರ್ಷ
ಈ ಲೆಕ್ಕ ನನಗ ಸರಿ ಅನಿಸಿತ್ತು.
ಟಾರ್ಚು ಆರಿಸಿ ಮಣ್ಣಾಗ ಮೊಣಕಾಲೂರಿದೆ.
ಕೂಸಿಗಾಗಿ ಅತ್ತದ್ದು ಬ್ಯಾರೆ;
ಕ್ಷಮಾ ಬೇಡಿದ್ದು ಲೆಕ್ಕಕ್ಕ.
ಉತ್ತರ ಬರಲಿಲ್ಲ.
ದೂರ ಎಲ್ಲೋ ಒಂದು ನಾಯಿ ಬೊಗಳಿತು, ಅಷ್ಟೇ.

ಮರುದಿನದಿಂದ ರಿಜಿಸ್ಟರಿನಾಗ
'ಹೆರಿಗೆ ಮಾಡಿಸಿದವರು' ಅನ್ನೂ ಕಾಲಮ್ಮಿನಾಗ
ಮೊದಲು ಒಂದು ಸಣ್ಣ ಶಿಲುಬಿ,
ಅದರ ಹಿಂದ ನನ್ನ ಹೆಸರು.

ತಪಾಸಣಿಗೆ ಬಂದ ಸಾಹೇಬರು ಕನ್ನಡಕ ಏರಿಸಿದರು:
'ಏನ್ರೀ ಸಿಸ್ಟರ್, ಎಲ್ಲಾ ಕಡಿ ಪ್ಲಸ್ ಗುರ್ತು?
ನಿಮ್ಮ ಜೋಡಿ ಮತ್ಯಾರು ಇದ್ದರು?'
'ಇದ್ದರು ಸರ್. ಸೀನಿಯರ್.'
'ಮತ್ತ ಸಹಿ?'
'ಅವರು ಸಹಿ ಹಾಕೂದಿಲ್ಲ ಸರ್.
ರಜಾನೂ ಹಾಕೂದಿಲ್ಲ.'

ಉಸಿರಿಲ್ಲದೆ ಬಂದ ಕೂಸುಗಳ ಸಾಲಿನಾಗೂ
ಅದೇ ಗುರ್ತು ಹಾಕಿದೆ.
ಅಲ್ಲಿ ಮಾತ್ರ ಪೆನ್ನು ನಡುಗುತ್ತಿತ್ತು.
ಯಾಕ ಹಾಕಿದೆ ಅಂತ ಕೇಳಿದರ
ಇವತ್ತಿಗೂ ಪೂರ್ತಿ ಹೇಳಲಿಕ್ಕ ಬರೂದಿಲ್ಲ.
ಅವನೂ ಅಲ್ಲೇ ಇದ್ದ,
ಇಷ್ಟೇ ಗೊತ್ತು.

ಮೈಕು ನನ್ನ ಕೈಗೆ ಬಂತು.
ಬರಕೊಂಡು ಬಂದ ಚೀಟಿ ಎಲ್ಲಿಟ್ಟೆನೋ.
'ಕೈ ನಂದು' ಅಂದೆ.
'ಗುಣ ನಂದಲ್ಲ.'

ಮತ್ತ ಚಪ್ಪಾಳಿ, ಮೊದಲಿನಕಿಂತ ಜೋರು.
ಹಿಂದಿನಿಂದ ಯಾರೋ: 'ಎಷ್ಟು ವಿನಯ ನೋಡ್ರಿ!'
ನನ್ನ ಎದಿ ಒಂದು ಬಟ್ಟಿನಷ್ಟು ಉಬ್ಬಿತು.
ಅಯ್ಯೋ ಕರ್ತನೇ,
ಮತ್ತ ಬೆಲ್ಲ.

ಮನಿಗೆ ಬಂದು ಶಾಲು ಮಡಚಿಟ್ಟೆ,
ಹಾರ ಬಾಗಿಲ ಮೊಳಿಗೆ ಹಾಕಿದೆ.
ಹಿತ್ತಲ ನಳದ ಕೆಳಗ ಕುಂತು
ಸಾಬೂನು ಹಚ್ಚಿ ತೊಳಕೊಂಡೆ,
ಬೆರಳ ಸಂದಿ, ಉಗುರಿನ ಬುಡ, ಮೊಣಕೈತನಕ,
ಹೆರಿಗಿಗೆ ಹೋಗೂ ಮೊದಲು
ದಿನಾ ತೊಳಕೊಂಡಂಗ.