ಪುಟ ಹದಿನೇಳು, ಸಾಲು ಆರು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ.
ನನ್ನ ಕಸುಬೂ ಅದೇ:
ಹೊಸ ಯಂತ್ರಕ್ಕೆ ಹಳೆಯ ಆಟವನ್ನು ಗಂಟುಹಾಕುವುದು.
ಸೆತೂಬಲ್ಲಿನಲ್ಲಿ, ಬಂದರಿಗೆ ಇಳಿಯುವ ಓಣಿಯಲ್ಲಿ,
ಬಲೆ ಹೊಲಿಯುವವರ ಪಕ್ಕ, ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ತಲೆ ತಗ್ಗಿಸದೆ ಒಳಗೆ ಬಂದವರಿಲ್ಲ.

ಅದೆರಿತು ಬಂದದ್ದು ಬುಧವಾರ,
ಆಚೆ ದಡದ ದೋಣಿಯಲ್ಲಿ ಟಿಕೆಟ್ ಹರಿಯುವ ಪಾಳಿ ಮುಗಿಸಿ.
ಬಿಸ್ಕತ್ತಿನ ಡಬ್ಬಿಯಲ್ಲಿ ನಾಲ್ಕು ಫ್ಲಾಪಿ,
ಒಂದಕ್ಕೆ ಬೂಷ್ಟು.
ಹತ್ತಿಯಿಂದ, ಸ್ಪಿರಿಟ್ಟಿನಿಂದ,
ಮಗುವಿನ ಕಿವಿ ಒರೆಸಿದ ಹಾಗೆ ಒರೆಸಿದೆ.
ಓದಿಕೊಂಡಿತು, ಮೂರನೆಯ ಸಲಕ್ಕೆ, ನರಳುತ್ತ.

ಆಮೇಲೆ ಸುಳ್ಳು ಶುರು.
ಆಟ ಎದ್ದು ಕಣ್ಣುಜ್ಜಿ ಕೇಳಿತು: ಇದು ಯಾವ ಇಸವಿ?
ತೊಂಬತ್ತೊಂದು, ಅಂದೆ.
ನೆನಪಿಗೆ ಎಷ್ಟು ಜಾಗ?
ಆರುನೂರ ನಲವತ್ತು ಕೆ. ಒಂದು ಚೂರೂ ಹೆಚ್ಚಿಲ್ಲ, ತಾಯಾಣೆ.
ಸದ್ದಿನ ಕಾರ್ಡು?
ಇದೆಯಪ್ಪ, ಐದನೇ ಗೂಟಕ್ಕೆ ಕಟ್ಟಿದ್ದೇನೆ.
ಅಲ್ಲಿ ಗೂಟವೂ ಇಲ್ಲ, ಹಸುವೂ ಇಲ್ಲ.
ನಂಬಿತು. ಹಳೆಯವು ಬೇಗ ನಂಬುತ್ತವೆ.

ಮೊದಲ ಸಲ ಬಿಟ್ಟಾಗ ಹಡಗು
ಲಿಸ್ಬನ್ನಿನಿಂದ ಹೊರಟು ಮಲಕ್ಕಾ ಮುಟ್ಟಿ
ಲವಂಗ ಕೊಂಡು, ದಿವಾಳಿಯಾಗಿ,
ಬಂಡೆಗೆ ಬಡಿದು ಮುಳುಗಿದ್ದು
ಅದೆರಿತು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ.
ಆಟ ಬರೆದವರು ಗಡಿಯಾರ ನೋಡಿ ಬರೆದವರಲ್ಲ,
ಯಂತ್ರದ ಎದೆಬಡಿತ ಎಣಿಸಿ ಬರೆದಿದ್ದರು.
ಈಗಿನದಕ್ಕೋ ಗುಬ್ಬಿಯ ಎದೆ. ಹಡಗು ಹೇಗೆ ತಾಳಬೇಕು?
ಕಡಿವಾಣ ಹಾಕಿದೆ: ಸಾವಿರದಲ್ಲಿ ಒಂದು ಪಾಲು ಓಡು.
ಅಷ್ಟು ದುಡ್ಡು ಕೊಟ್ಟು ಕೊಂಡ ವೇಗವನ್ನು
ಅನ್ನದ ಪಾಯಸ ಕಲಕಿದ ಹಾಗೆ ನಿಧಾನ ಮಾಡುವಾಗ
ನನಗೇಕೋ ಖುಷಿ.

ಆಗ ಕೇಳಿತು, ಸುಳ್ಳಿಗೆ ಬಗ್ಗದ ಒಂದು ಪ್ರಶ್ನೆ:
ಕೈಪಿಡಿಯ ಪುಟ ಹದಿನೇಳು, ಸಾಲು ಆರು,
ನಾಲ್ಕನೆಯ ಪದ ಯಾವುದು?
ಕೊಂಡವರಿಗೆ ಗೊತ್ತಿರುತ್ತದೆ, ಕದ್ದವರಿಗಿಲ್ಲ.
ಅಂದಿನ ಬೀಗ ಅದು.

ಎರಡು ಬೈಟು ತಿದ್ದಿದರೆ ಹಾರಿಕೊಂಡು ಹೋಗಬಹುದು, ಅಂದೆ.
ಅದೆರಿತು ಮಾತಾಡಲಿಲ್ಲ.
ಕೈಪಿಡಿ ಇದೆ, ಅಂದರು ಆಮೇಲೆ.
ಬ್ರಾಗಾದಲ್ಲಿ. ದಿಯೊಲಿಂಡಾ ಹತ್ತಿರ.
ಯಾರು ಎಂದು ನಾನು ಕೇಳುವ ಮೊದಲೇ: ತಂಗಿ.
ದೋಣಿಯ ಎಂಜಿನ್ನು ಮಾರಿದ ದುಡ್ಡಿನ ವಿಷಯ.
ಆರು ವರ್ಷ.

ಫೋನು ನನ್ನ ಮೇಜಿನ ಮೇಲೆ, ಸ್ಪೀಕರಿನಲ್ಲಿ;
ಅವರಿಗೆ ಕಿವಿ ಸ್ವಲ್ಪ ಮಂದ.
ಅತ್ತ ಯಾರೋ ಎತ್ತಿದರು. ಪಾತ್ರೆಯ ಸದ್ದು ನಿಂತಿತು.
ಹಲೋ ಇಲ್ಲ, ಹೇಗಿದ್ದೀ ಇಲ್ಲ.
ಪುಟ ಹದಿನೇಳು, ಅಂದರು ಇವರು. ಸಾಲು ಆರು.

ಎಷ್ಟು ಹೊತ್ತು.
ಪರದೆಯ ಮೇಲೆ ಕರ್ಸರ್ ಮಿಟುಕುತ್ತಿತ್ತು,
ಅದನ್ನೂ ನಾನೇ ನಿಧಾನ ಮಾಡಿದ್ದೆನಲ್ಲ.
ಡ್ರಾಯರ್ ಎಳೆದ ಸದ್ದು. ಹಾಳೆ.
ನಾಲ್ಕನೆಯದಾ?
ನಾಲ್ಕನೆಯದು.
ಈರುಳ್ಳಿ, ಅಂದಳು.

ಹಡಗಿಗೆ ತುಂಬುವ ಸಾಮಾನಿನ ಪಟ್ಟಿ ಅದು:
ಉಪ್ಪುಮೀನು, ಒಣರೊಟ್ಟಿ, ವಿನೆಗರ್, ಈರುಳ್ಳಿ.
ಅಂಚಿನಲ್ಲಿ ನೀನು ಬರೆದದ್ದು ಇನ್ನೂ ಇದೆ, ಅಂದಳು:
ದಿಯೊಲಿಂಡಾ ಈರುಳ್ಳಿ ತಿನ್ನಲ್ಲ, ಸಮುದ್ರಕ್ಕೆ ಎಸೆಯಿರಿ.
ಮತ್ತೆ, ಸ್ವಲ್ಪ ತಡೆದು:
ಈಗಲೂ ತಿನ್ನಲ್ಲ.

ಹಡಗು ಹೊರಟಿತು.

ಪ್ರತಿ ಸಲವೂ ಬೇರೆ ಪುಟ ಕೇಳುತ್ತದೆ ಅದು.
ಹೋದ ಭಾನುವಾರ ಇಪ್ಪತ್ತೆರಡು, ನಿನ್ನೆ ಒಂಬತ್ತು.
ಕೈಪಿಡಿ ಅಂಚೆಗೆ ಹಾಕು ಎಂದು ಇವರು ಕೇಳಿಲ್ಲ,
ಹಾಕುತ್ತೇನೆ ಎಂದು ಅವಳೂ ಅಂದಿಲ್ಲ.
ಇವತ್ತು ತಲೆ ತಗ್ಗಿಸಿ ಒಳಗೆ ಬಂದು,
ಟೋಪಿ ತಿರುಗಿಸುತ್ತ, ಕೇಳಿದರು:
ಆವತ್ತು ಹೇಳಿದಿರಲ್ಲ, ಎರಡು ಬೈಟು, ನಿಜವಾಗಿ ಆಗುತ್ತಾ?
ನನ್ನ ಲೆಕ್ಕ ತಪ್ಪಿತ್ತು, ಅಂದೆ. ಆಗುವುದಿಲ್ಲ.
ಬೇಗ ನಂಬಿದರು.

ಗಾಳಿಯ ಸದ್ದೊಂದು ಇನ್ನೂ ಸರಿಹೋಗಿಲ್ಲ.
ಹಾಯಿ ಬಿಚ್ಚಿದರೆ ಕಾದ ಎಣ್ಣೆಗೆ ಮೀನು ಬಿಟ್ಟ ಹಾಗೆ
ಚುರ್ ಎನ್ನುತ್ತದೆ.
ಮೂರು ರಾತ್ರಿ ಕೂತೆ, ಬಗ್ಗಲಿಲ್ಲ.
ಬಿಡಿ, ಹಸಿವಾಗುತ್ತೆ, ಚೆನ್ನಾಗಿದೆ, ಎನ್ನುತ್ತಾರೆ ಅದೆರಿತು.