ಎಂ.ಎಚ್. ಹದಿಮೂರು

ಹೋಟಗಿ ರೋಡಿನ ಬೇವಿನ ಬುಡಕ ನಿಂತಿತ್ತು,
ಬಿಳಿ ಅನ್ನೂ ಹಂಗಿಲ್ಲ, ಒಡದ ಹಾಲಿನ ಬಣ್ಣ.
ಎರಡು ಸಾವಿರದ ಹನ್ನೊಂದರ ಸಣ್ಣ ಡೀಸೆಲ್ ಗಾಡಿ,
ಓಡಿದ್ದು ಒಂದು ಲಕ್ಷ ಹನ್ನೆರಡು ಸಾವಿರ.
ಮೀಟರು ಹೇಳಿದ್ದು ಅಷ್ಟು, ಉಳಿದದ್ದು ಅದನ್ನ ತಿರುವಿದಾಂವಗ ಗೊತ್ತು.
ಮಾಲೀಕ ಮಾಳಗೆ, ದನದ ದವಾಖಾನಿ ಕಂಪೌಂಡರ.
ಬಾಗಲಾ ತಗದ್ರ ಫಿನೈಲ್ ವಾಸನಿ,
ಹಿಂದಿನ ಸೀಟಿನ ಹೊಲಿಗ್ಯಾಗ ಯಾವದೋ ಕರುವಿನ ಕೂದಲ.

"ಆವಾಜ ಕೇಳ್ರಿ," ಅಂದ ಮರಾಠಿಯೊಳಗ.
ತುಟಿ ನೋಡಿ ತಿಳಕೊಂಡೆ.
ನನಗ ಎಲ್ಲಿ ಆವಾಜ?
ಅಕ್ಕಲಕೋಟ ರೋಡಿನ ಎಂಐಡಿಸಿಯೊಳಗ
ಇಪ್ಪತ್ನಾಕು ವರ್ಷ, ನಾಕು ಮಗ್ಗ, ದಿನಾ ಹನ್ನೆರಡು ತಾಸು.
ನಾ ನೇಯ್ದ ಟಾವೆಲ್ಲು ಎಷ್ಟೋ ಊರಿನ ಮೈ ಒರಸ್ಯಾವ.
ನನ್ನ ಕಿವಿ ಅಲ್ಲೇ, ಲಾಳಿಕೂಡ
ಹೋಗಿ ಬಂದು, ಹೋಗಿ ಬಂದು,
ಒಂದಿನ ಹೋದದ್ದು ಬರಲೇ ಇಲ್ಲ.

ಜೋಡಿ ಬಂದ ಮೇಸ್ತ್ರಿ ಮೈಬೂಬ ಬಾನೆಟ್ ಎತ್ತಿ
ಕಿವಿ ಕೊಟ್ಟು ತಲಿ ಹಾಕಿದ: ಮಸ್ತ ಅದ.
ನಾ ಚಪ್ಪಲಿ ಕಳದು ಒಳಗ ಕುಂತೆ,
ಅಂಗಾಲು ಕ್ಲಚ್ಚಿನ ಮ್ಯಾಲೆ ಇಟ್ಟೆ, ಒತ್ತಲಿಲ್ಲ, ಇಟ್ಟೆ.
ಎಳಿ ಹರದದ್ದು ಮೊದಲ ಅಂಗಾಲಿಗೆ ಗೊತ್ತಾಗತದ,
ಕಣ್ಣಿಗೆ ಆಮ್ಯಾಲೆ.
ಮೂರು ಹೊಡತ ನೆಟ್ಟಗ, ನಾಕನೇದು ಕುಂಟ.
ನಾಕು ಬಟ್ಟು ಎತ್ತಿ ತೋರಿಸಿ ಒಂದು ಮಡಚಿದೆ.
ಮಾಳಗೆಯ ಮಾರಿ ಸಣ್ಣದಾತು.
ಮೈಬೂಬ ಮತ್ತೊಮ್ಮೆ ಬಗ್ಗಿ ನೋಡಿದ: ಇಂಜೆಕ್ಟರ್.
ಒಂದು ನಲವತ್ತು ಅಂದದ್ದು ಒಂದು ಹದಿನೆಂಟಕ್ಕ ಮುಗೀತು,
ಸ್ಟೆಪ್ನಿ ಹೊಸಾದು ಹಾಕಿಸಿಕೊಡೂ ಮಾತಿನ ಮ್ಯಾಲೆ.
ಸ್ಟೆಪ್ನಿ ಇನ್ನೂ ಹಳೇದೇ ಅದ.

ಮನಿಗೆ ತಂದ ದಿನ ನಿಂಬೆವ್ವ ಎರಡೂ ಕಿವಿ ಮುಚ್ಚಿಕೊಂಡಳು.
"ಗಿರಣಿನ ತಂದು ಬಾಗಲಿಗೆ ಕಟ್ಟೀರಿ!"
ನಕ್ಕೆ. ಎಷ್ಟೋ ವರ್ಷದ ಮ್ಯಾಲೆ
ಒಂದು ಸಪ್ಪಳ ನನ್ನ ತನಕ ಬಂದಿತ್ತು,
ಸೀಟಿನಿಂದ ಬೆನ್ನೆಲುಬಿನ ದಾರಿ ಹಿಡದು.

ಸಾಕೂದು ಸಸಾರ ಅಲ್ಲ.
ಥಂಡ್ಯಾಗ ಚಾವಿ ತಿರುವಿದ್ರ ಹಳದಿ ಸುರುಳಿ ದೀಪ ಹತ್ತತದ,
ಅದು ಆರೂತನಕ ಕೈ ಕಟ್ಟಿ ಕೂಡಬೇಕು.
ಅವಸರ ಮಾಡಿದ್ರ ಓಣಿ ತುಂಬ ಕರೇ ಹೊಗಿ,
ಒಗದ ಅರಿವಿ ಹಾಕಿದ ಮಂದಿ ಬೈತಾರ.
ಬೈಗಳಾ ಕೇಳಂಗಿಲ್ಲ, ಅದೊಂದು ಛಲೋ.
ಬ್ಯಾಟರಿ ನಾಕು ಸಾವಿರದ ಎರಡು ನೂರು, ಬೆಲ್ಟು ಉದ್ರಿ.
ಹದಿನೈದು ವರ್ಷ ತುಂಬಿದ್ರ ಮತ್ತ ಪಾಸಿಂಗ್, ಮತ್ತ ಆರ್‌ಟಿಒ.
ಅದು ಆಗಿನ ಮಾತು.

ಹಾದ್ಯಾಗ ಬ್ಯಾರೆನ ತ್ರಾಸು.
ನಿಂಬೆವ್ವ ಅದೇ ಶೆಡ್ಡಿನ್ಯಾಗ ಕಂಡಿಕಿ ಸುತ್ತುವಾಕಿ.
ಆ ಗದ್ದಲದಾಗ ಲಗ್ನ ಆಗೂಣೇನು ಅಂತ ಕೇಳಿದ್ದೂ ತುಟೀಲೆ,
ಆಕಿ ಹೂಂ ಅಂದದ್ದೂ ತುಟೀಲೆ.
ಮನ್ಯಾಗ ಇವತ್ತಿಗೂ ಎದುರಾಎದುರು ಕುಂತ್ರೇನೆ ಮಾತು.
ಗಾಡ್ಯಾಗ ಆಕಿ ಬಾಜೂಕ, ನನ್ನ ಕಣ್ಣು ರಸ್ತೆಕ.
ಆಕಿ ತಂಗಿ ಊರು ಚಡಚಣ,
ಅಷ್ಟು ದೂರ ಒಬ್ಬರಿಗೊಬ್ಬರು ಇಲ್ಲದಂಗ ಹೋಗಿ ಬಂದೆವು, ಎರಡು ಸಲ.

ಮೂರನೇ ಸಲ, ಟಾಕಳಿ ದಾಟಿ ಭೀಮಾ ಪೂಲಿನ ಮ್ಯಾಲೆ,
ಆಚಿ ದಂಡಿ ಇನ್ನೂ ಬಂದಿಲ್ಲ,
ಆಕಿ ಕೈ ಚಾಚಿ ಒಳಗಿನ ಕನ್ನಡಿ ತಿರುವಿದಳು.
ಹಿಂದಿನ ಹಾದಿ, ಸೊಲ್ಲಾಪುರ, ಕಬ್ಬಿನ ಟ್ರ್ಯಾಕ್ಟರು ಎಲ್ಲಾ ಜಾರಿ ಹೋದವು.
ಆ ಜಾಗಾದಾಗ ಆಕಿ ಬಾಯಿ.
ಮೂಗುತಿ ಎಡಕಿದ್ದದ್ದು ಬಲಕ,
ಮಾತು ಮಾತ್ರ ಎಡಬಲ ಆಗಿರಲಿಲ್ಲ:
"ಬರಿಗೈಲೆ ಹೊಂಟೀವಿ. ಎಲ್ಲೆರೆ ಬಾಳಿಹಣ್ಣು ತಗೋರಿ."

ಹಿಂದ ಲಾರಿ ಬಂದ್ರ?
"ನಾ ಹೊಳ್ಳಿ ನೋಡತೀನಿ. ನೀವು ಮುಂದ ನೋಡ್ರಿ."

ಮೈಬೂಬ ಸರ್ವಿಸಿಗೆ ಒಯ್ದಾಗೆಲ್ಲಾ
ಕನ್ನಡಿ ನೆಟ್ಟಗ ಮಾಡಿ ಕಳಸ್ತಾನ.
ಅಂವಂದು ತಪ್ಪಲ್ಲ.