ಕಾಟು

ನನ್ನ ಕೆಲಸ ಕಾಟು ಹಾಕೋದು.
ಬಳ್ಳಾರಿ ಕೌಲ್ ಬಜಾರು, ತಗಡಿನ ಶೆಡ್ಡು, ಕೊನೇ ಟೇಬಲ್ಲು,
ಕೈಯಾಗ ಸೀಮೆಸುಣ್ಣದ ಬಿಲ್ಲೆ.
ಜಿಪ್ಪು ಕಚ್ಚಿದರ, ಜೇಬಿನ ಹೊಲಿಗಿ ಹಾವಿನಂಗ ಹರದರ,
ಒಂದು ಕಾಲು ಉದ್ದಾಗಿ ಒಂದು ಗಿಡ್ಡಾದರ
ಸೊಂಟದ ಮ್ಯಾಲೆ ಎರಡು ಗೀಟು, ಅಡ್ಡಡ್ಡ.
ಆಮ್ಯಾಲೆ ಆ ಪ್ಯಾಂಟಿನ ಮಾತು ಯಾರೂ ಕೇಳಾಂಗಿಲ್ಲ,
ಮೂಲಿ ಸೇರತೈತಿ.

ಶನಿವಾರ ಬುತ್ತಿ ಬಿಚ್ಚೋ ಹೊತ್ತಿನ್ಯಾಗ
ಕಾಜಾ ಮಿಷನ್ನಿನ ಶಮೀಮ ಎರಡೂ ಕೈ ಮುಂದ ಚಾಚಿದಳು.
ಹತ್ತೂ ಉಗುರು ನೀಲಿ.
"ನಾಳೆ ಮಂಗನಿ ಐತಿ ಅಕ್ಕಾ,
ಮೆಹಂದಿ ಇದರ ಮ್ಯಾಲೆ ಹೆಂಗ ಹತ್ತತೈತಿ?"

ಫೋನಿಗೆ ಕೇಳಿದಿವಿ,
ಜೀನ್ಸಿನ ಬಣ್ಣ ಉಗುರು ಬಿಡಬೇಕಂದ್ರ ಏನು ಮಾಡಬೇಕು.
ಉತ್ತರ ಬಂತು. "ಮೊದಲು ಅರ್ಧ ನಿಂಬೆಹಣ್ಣು" ಅನ್ನೋ ತನಕ ಓದಿದಿವಿ.
ಅಷ್ಟರಾಗ ಅಡ್ಡ ಬಂದು ನಿಂತ ಒಬ್ಬಾವ:
ಸಾಲ ಬೇಕೇನು?
ಅವನ ಹಿಂದ, ಬಾ ರಮ್ಮಿ ಆಡೋಣು ಅನ್ನಾವ,
ಇವರಿಬ್ಬರ ಹೆಗಲ ಮ್ಯಾಲಿಂದ ಇಣುಕಿ
ಏಳೇ ದಿನಕ್ಕ ಬೆಳ್ಳಗಾಗ್ರಿ ಅನ್ನಾಕಿ.
ನಿಂಬೆಹಣ್ಣು ಇವರ ಕಾಲಾಗ ಸಿಕ್ಕಿತು.

ಕರೀದೇ ಉಣ್ಣಾಕ ಬರೋರನ್ನ ನೋಡೀನಿ.
ಬಂದು ನಮ್ಮ ಗಂಗಾಳದ ಮ್ಯಾಲೇ ಕುಂದ್ರೋರನ್ನ
ಇಲ್ಲೇ ನೋಡಿದ್ದು.

ಓಬಳಮ್ಮ "ಪೋರಾ" ಅಂದಳು.
ಸಿಟ್ಟು ಬಂದರ ಅಕಿಗೆ ಕನ್ನಡ ಸಾಲಾಂಗಿಲ್ಲ.
ಮಾಬುಬ್ಬಿ ಫೋನು ಬೋರಲು ಹಾಕಿದಳು,
ನಾಚಿಕಿ ಬಂದು ತಾನಾಗೇ ಹೋಗತೈತಿ ಅಂತ.
ದಾರ ಕತ್ತರಿಸೋ ಯಂಕಮ್ಮಜ್ಜಿ ಮಾತ್ರ
ಅದನ್ನ ಮಖದ ಹತ್ರ ತಂದು ಸಾವಕಾಶ ಹೇಳಿದಳು:
"ಬ್ಯಾಡಪ್ಪ. ಮೊದಲಿಂದೇ ತೀರಿಲ್ಲ. ಬ್ಯಾರೆ ಮನಿ ನೋಡು."
ಅವನು ಇನ್ನೊಮ್ಮೆ ಕೇಳಿದ. ಅಜ್ಜಿ ಇನ್ನೊಮ್ಮೆ ಹೇಳಿದಳು.
ಇಬ್ಬರಿಗೂ ಬ್ಯಾಸರ ಇಲ್ಲ.

ನಾನು ಕಾಟು ಹುಡುಕಿದೆ.
ಮ್ಯಾಲಿನ ಮೂಲ್ಯಾಗ ಇತ್ತು, ಸೂಜಿ ಕಣ್ಣಿನಷ್ಟು,
ಬೂದಿಯೊಳಗ ಬೂದಿ.
ರಿವೀಟು ಹಿಚುಕಿ ಹಿಚುಕಿ ದಪ್ಪಾದ ಬೆರಳು ನಂದು.
ಹೆಂಗೋ ಒತ್ತಿದೆ.
ಅದು ಕಾಟು ಅಲ್ಲ, ಕಾಟಿನ ವೇಷ ಹಾಕಿದ ಕಾಟ.
ಇನ್ನೊಂದು ಅಂಗಡಿ ತೆರೀತು.
ಖರೇ ಕಾಟು ಬೇಕಂದ್ರ ಐದು ಸೆಕೆಂಡು ತಡೀರಿ ಅಂತು.

ಐದು ಸೆಕೆಂಡು!
ಅಷ್ಟರಾಗ ಒಂದು ಪ್ಯಾಂಟಿನ ಜಿಪ್ಪು ಎಳದು, ಜೇಬಿನ್ಯಾಗ ಕೈ ಹಾಕಿ,
ಒಳಗಿಂದು ಹೊರಗ ತಿರುವಿ ಅತ್ಲಾಗ ಒಗೀತೀನಿ.
ಪೀಸಿಗಿಷ್ಟು ಅಂತ ವಾರದ ಚೀಟಿಯಾಗ ಬರೀತಾರ.
ಈಗ ನಿಂತು ಕಾದ ಐದು ಸೆಕೆಂಡು
ಯಾರ ಚೀಟಿಗೆ ಹೋತು? ಯಾವ ಊರಾಗ
ಯಾವ ಟೇಬಲ್ಲಿನ ಮ್ಯಾಲೆ ನನ್ನ ಕಣ್ಣು ಎಣಿಸಿ ಕಟ್ಟು ಕಟ್ಟತಾರ?

ಐದು. ನಾಕು. ಮೂರು.
ಆ ಅಂಗಡ್ಯಾಗ ತಿರುಗತಾ ಇತ್ತು ಒಂದು ಜೀನ್ಸು,
ಎರಡು ಸಾವಿರಕ್ಕ ಒಂದು ರೂಪಾಯಿ ಕಮ್ಮಿ.
ಓಬಳಮ್ಮ ಬಗ್ಗಿ ನೋಡಿ,
"ಅಕ್ಕಾ, ಜೇಬಿನ ಹೊಲಿಗಿ ನೋಡು" ಅಂದಳು.

ಹಾವು. ಖರೇನೇ ಹಾವು.
ನಾನು ಯೋಚನಿ ಮಾಡಲಿಲ್ಲ.
ಸೀಮೆಸುಣ್ಣ ಕೈಯಾಗೇ ಇತ್ತು,
ಗಾಜಿನ ಮ್ಯಾಲೆ ಎಳದೆ ಎರಡು ಗೀಟು, ಅಡ್ಡಡ್ಡ.

ಯಂಕಮ್ಮಜ್ಜಿಗೆ ಮಜ್ಜಿಗಿ ನೆತ್ತಿಗೇರಿತು.
ಗಾಜು ಸುಣ್ಣ ಪೂರ್ತಿ ಹಿಡೀಲಿಲ್ಲ,
ಗೀಟಿನ ಕೆಳಗ ಪ್ಯಾಂಟು ತಿರುಗತಾನೇ ಇತ್ತು.
ಗಂಟಿ ಹೊಡೀತು.
ನಿಂಬೆಹಣ್ಣಿನ ಮುಂದಿಂದು ಯಾರೂ ಓದಲಿಲ್ಲ.

ಸೋಮವಾರ ಶಮೀಮ ಬಂದಳು,
ಅಂಗೈ ಕೆಂಪು, ಉಗುರು ಹಂಗೇ ನೀಲಿ.
ಏನಂದ್ರೇ ಅವರು?
ಅತ್ತಿ ಆಗಾಕಿ ಬೆರಳು ಒಂದೊಂದೇ ತಿರುವಿ ನೋಡಿ
"ಯಾವ ಯೂನಿಟ್ಟು?" ಅಂದಳಂತ.
ತಾನೂ ವಾಷಿಂಗಿನ್ಯಾಗ ಒಂಬತ್ತು ವರ್ಷ ಇದ್ದಾಕಿ.
"ನಿಂಬಿಹಣ್ಣು ಗಿಂಬಿಹಣ್ಣು ಏನೂ ಆಗಾಂಗಿಲ್ಲ,
ಬೆಳದೇ ಹೋಗಬೇಕದು" ಅಂದಳಂತ.

ನನ್ನ ಫೋನಿನ ಅಂಚಿನ್ಯಾಗ
ಸುಣ್ಣದ ಪುಡಿ ಇನ್ನೂ ಐತಿ.
ಒರಸಿಲ್ಲ.